ಕಾಂಪೋಸ್ಟು ಎಂಬ ಮರ್ಯಾದೆ

ನಮ್ಮ ಕುಟುಂಬದಲ್ಲಿ ಇಬ್ಬರು ರೋಗಿಗಳು. ಒಬ್ಬ ನಾನು, ಇನ್ನೊಬ್ಬರು ನನ್ನ ಅಕ್ಕನ ಗಂಡ. ಯಾರಾದರೂ ಒಂದು ಇಂಗ್ಲಿಷ್ ಪದ ಬಾಯಿಂದ ಬಿಟ್ಟರೆ ಸಾಕು, ಅದರ ಹೊಟ್ಟೆ ಸೀಳಿ ಒಳಗೇನಿದೆ ಎಂದು ತೋರಿಸದೆ ನನಗೆ ಇರಲಾಗದು. ಅದೇ ಪದವನ್ನು ಊರಾಚೆಗೆ ಅಟ್ಟದೆ ಭಾವನಿಗೆ ಇರಲಾಗದು. ನನ್ನ ರೋಗಕ್ಕೆ ವಿಶ್ವವಿದ್ಯಾಲಯ ಒಂದು ಪದವಿ ಕೊಟ್ಟಿತು. ಭಾವನ ರೋಗಕ್ಕೆ ಚಳ್ಳಕೆರೆಯ ಜನ ಪ್ರತಿ ನವೆಂಬರಿನಲ್ಲಿ ಒಂದು ಶಾಲು ಹೊದಿಸುತ್ತಾರೆ. ಶಾಲು ಎಂಬುದು ಪಾರಸಿ ಪದ ಎಂದು ಒಮ್ಮೆ ಅಭಿನಂದನೆಯ ಜೊತೆಗೇ ತಿಳಿಸಿದ್ದೆ. ದೀಪಾವಳಿ ಮುಗಿಯುವವರೆಗೆ ಅವರು ನನ್ನೊಡನೆ ಮಾತು ಬಿಟ್ಟಿದ್ದರು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕ. ಇಂಗ್ಲಿಷಿನ ಗೆಸ್ಟ್ ಎಂಬ ಪದಕ್ಕೂ ಲ್ಯಾಟಿನ್ನಿನಲ್ಲಿ ಶತ್ರುವಿಗೆ ಹೇಳುತ್ತಿದ್ದ ಹಾಸ್ಟಿಸ್ ಎಂಬ ಪದಕ್ಕೂ ಬೇರು ಒಂದೇ. ಇದನ್ನು ತಿಳಿಯಲು ನಾನು ದಪ್ಪದಪ್ಪ ನಿಘಂಟುಗಳನ್ನು ಓದಬೇಕಾಯಿತು. ನಮ್ಮ ಪ್ರಾಂಶುಪಾಲರು ಏನೂ ಓದದೆ ಇದನ್ನು ತಿಳಿದುಕೊಂಡಿದ್ದಾರೆ.

ಭಾವನದು ಗೊಬ್ಬರ ಮತ್ತು ಬೀಜದ ಅಂಗಡಿ. ಅಂಗಡಿಗೆ ಬರುವ ರೈತರಿಗೆ ಬೀಜದ ಜೊತೆ ಭಾಷೆಯ ಪಾಠವೂ ಉಂಟು. "ಗನ್ನಿ ಬ್ಯಾಗ್ ಅನ್ಬೇಡ್ರಿ, ಗೋಣಿಚೀಲ ಅನ್ರಿ" ಎಂದು ಗದರುತ್ತಿದ್ದರು. ಗನ್ನಿ ಎಂಬುದು ನಮ್ಮ ಗೋಣಿಯೇ, ಇಂಗ್ಲಿಷರು ಎತ್ತಿಕೊಂಡು ಹೋಗಿ ಬಾಯಿ ಸೊಟ್ಟ ಮಾಡಿದ್ದು ಎಂದು ನಾನು ಹೇಳಿದಾಗ ಅವರ ಮುಖ ಅರಳಿತು.

"ಹಂಗಾದ್ರೆ ವಾಪಸ್ ಕೊಡ್ಲಿ ನನ್ ಮಕ್ಳು" ಎಂದರು.

"ಭಾವ, ವಾಪಸ್ ಪಾರಸಿ."

"ಏನ್ರೀ ಮೇಷ್ಟ್ರೇ, ನಾನು ಬಾಯಿ ಬಿಡ್ಲೋ ಬ್ಯಾಡ್ವೋ?"

ಯೂರಿಯಾಕ್ಕೆ ಕನ್ನಡ ಪದ ಬೇಕೆಂದು ಅವರು ಒಂದು ಮುಂಗಾರು ಪೂರ್ತಿ ತಲೆ ಕೆಡಿಸಿಕೊಂಡಿದ್ದರು. ಆ ಪದದ ಮೂಲ ಗ್ರೀಕರ ಮೂತ್ರದಲ್ಲಿದೆ ಎಂದು ನಾನು ಸುಮ್ಮನೆ ಮಾಹಿತಿಗಾಗಿ ಹೇಳಿದೆ. ಮರುದಿನ ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ 'ಉಚ್ಚೆಗೊಬ್ಬರ ಬಂದಿದೆ' ಎಂದು ಬರೆದಿತ್ತು. ನನ್ನಿವಾಳದ ಒಬ್ಬ ರೈತ ಅದನ್ನು ನಿಧಾನವಾಗಿ ಓದಿ, "ಇದನ್ನೂ ದುಡ್ಡು ಕೊಟ್ಟು ತಗಂಬೇಕೇನ್ರೀ? ಮನೇಲೇ ಐತಲ್ಲ" ಎಂದು ಕೇಳಿದ. ಸಂಜೆಯೊಳಗೆ ಹಲಗೆ ಒರೆಸಿಯಾಗಿತ್ತು. ಈ ಮಾತನ್ನು ಹೇಳಿದ್ದು ರೈತನಲ್ಲ, ತಾನೇ ಎಂದು ಅಕ್ಕ ಈಗ ವಾದಿಸುತ್ತಾಳೆ. ನನಗೆ ರೈತನ ಮುಖ, ಅವನ ಹೆಗಲ ಮೇಲಿದ್ದ ಕಂಬಳಿ ಎಲ್ಲವೂ ನೆನಪಿದೆ. ಆದರೆ ನನ್ನ ನೆನಪಿನಲ್ಲಿ ಬರುವ ರೈತರೆಲ್ಲರ ಹೆಗಲ ಮೇಲೂ ಕಂಬಳಿ ಇರುತ್ತದೆ, ಹಾಗಾಗಿ ಅದನ್ನು ಸಾಕ್ಷಿಯೆಂದು ಮುಂದಿಡುವ ಧೈರ್ಯ ನನಗಿಲ್ಲ.

ಇಂಥ ಇಬ್ಬರು ಗಂಡಸರ ನಡುವೆ ಬೆಳೆದವಳು ಅಕ್ಕನ ಮಗಳು, ನನ್ನ ಸೊಸೆ. ನನ್ನಿವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಭಾವ ಇದನ್ನು ಹೊರಗೆ ಹೇಳುವಾಗ "ಮಗಳು ಭಾಷೆ ಕಲಿಸ್ತಾಳೆ" ಎನ್ನುತ್ತಾರೆ. ಯಾವ ಭಾಷೆ ಎಂದು ಯಾರಾದರೂ ಕೇಳುವ ಮೊದಲು ಮಳೆಯ ವಿಷಯ ತೆಗೆಯುತ್ತಾರೆ.

ಆ ಶಾಲೆಯ ಪಕ್ಕದ ಬಯಲಿನಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶು ಇಲಾಖೆಯ ಒಬ್ಬ ಇನ್ಸ್‌ಪೆಕ್ಟರ್ ಬಂದಿದ್ದ. ಒಂದು ಎತ್ತು ಸೂಜಿ ನೋಡಿದ್ದೇ ಶಾಲೆಯ ಕಾಂಪೌಂಡಿನೊಳಗೆ ನುಗ್ಗಿತು. ಅದರ ಹಿಂದೆ ಅವನೂ ನುಗ್ಗಿದ. ಎತ್ತು ಸ್ವಲ್ಪ ಹೊತ್ತಿಗೆ ಹೊರಟುಹೋಯಿತು. ಇವನು ಲಸಿಕೆಯ ಕೆಲಸ ಮುಗಿದ ಮೇಲೂ ಆ ಕಡೆ ಬರುತ್ತಲೇ ಇದ್ದ. ಕಾಂಪೌಂಡ್ ಎಂಬ ಪದ ಮಲಯ ದೇಶದ ಕಾಂಪೋಂಗ್ ಎಂಬುದರಿಂದ ಬಂದದ್ದೆಂದು ನಾನು ಸೊಸೆಗೆ ಹೇಳಿದೆ. ಅವಳು, "ಬಂದಿದ್ದು ಎಲ್ಲಿಂದಾದ್ರೂ ಆಗ್ಲಿ ಮಾವ, ನಿಂತಿದೆಯಲ್ಲ, ಅದು ಮುಖ್ಯ" ಎಂದಳು. ಆಗ ನನಗೆ ವಿಷಯ ಅರ್ಥವಾಯಿತು.

ಅಕ್ಕನಿಗೆ ಅವಳು ಇನ್ನೂ ನೇರವಾಗಿ ಹೇಳಿದ್ದಳು. "ಮದ್ವೆ ಆದ್ರೆ ಇವನ್ನೇ ಅವ್ವ. ಇಲ್ಲಾಂದ್ರೆ ನನಗೆ ಗಂಡು ಹುಡುಕೋದು ನಿಲ್ಸಿಬಿಡ್ರಿ."

ಹುಡುಗನ ಮನೆ ಮೊಳಕಾಲ್ಮೂರಿನ ಹತ್ತಿರದ ಒಂದು ಊರು. ಶೇಂಗಾ ಬೆಳೆಯುವ ಜನ. ಜಾತಿ ಕೂಡಿತು, ಜಾತಕವನ್ನು ಹೇಗೋ ಕೂಡಿಸಿದರು. ಅವರ ಕಡೆಯವರು ಚಳ್ಳಕೆರೆಗೆ ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋದರು. ಉಳಿದದ್ದು ಒಬ್ಬರ ಒಪ್ಪಿಗೆ. ಹುಡುಗನ ಅಜ್ಜಿ. ಮಂಡಿನೋವಿನಿಂದ ಅವರು ಬಂದಿರಲಿಲ್ಲ. ಆ ಮನೆಯಲ್ಲಿ ಬಿತ್ತನೆಯಿಂದ ಹಿಡಿದು ಬೀಗತನದವರೆಗೆ ಅವರು ಹೂಂ ಎನ್ನದೆ ಏನೂ ನಡೆಯುವುದಿಲ್ಲವಂತೆ. ಹುಡುಗಿಯನ್ನು ಕರೆದುಕೊಂಡು ಮನೆ ನೋಡಲು ಬನ್ನಿ ಎಂದು ಹೇಳಿ ಕಳಿಸಿದರು.

ಕಾರು ಚಳ್ಳಕೆರೆ ದಾಟುವ ಮೊದಲೇ ಸೊಸೆ ನಮಗಿಬ್ಬರಿಗೂ ಎಚ್ಚರಿಕೆ ಕೊಟ್ಟಳು. "ಅಪ್ಪ, ಇವತ್ತೊಂದಿನ ನೀನು ಕನ್ನಡ ಉಳಿಸ್ಬೇಡ. ಮಾವ, ನೀನು ಪದ ಬಿಚ್ಬೇಡ. ಅವರು ಏನಂದ್ರೂ ಹೂಂ ಅಂದು ಕಾಫಿ ಕುಡೀರಿ."

"ಕಾಫಿ ಅರಬ್ಬಿ" ಎಂದೆ.

"ನೋಡವ್ವ, ಶುರುವಾತು."

ಅಕ್ಕ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ನಾನು ಮನಸ್ಸಿನೊಳಗೇ ಪದ ಬಿಚ್ಚಿಕೊಂಡು ಕುಳಿತೆ. ಕಲ್ಲಿಕೋಟೆಯಿಂದ ಹೋದ ಬಟ್ಟೆ ಇಂಗ್ಲಿಷಿನಲ್ಲಿ ಕ್ಯಾಲಿಕೋ ಆಯಿತು. ಮೋಸುಲ್ ಎಂಬ ಊರಿನದು ಮಸ್ಲಿನ್ ಆಯಿತು. ಡಮಾಸ್ಕಸ್ಸಿನದು ಡಮಾಸ್ಕ್ ಆಯಿತು. ಪಾರಸಿಯವರು ಹಾಲು-ಸಕ್ಕರೆ ಎಂದು ಕರೆದ ಪಟ್ಟೆಪಟ್ಟೆಯ ಬಟ್ಟೆ ಸೀರ್‌ಸಕರ್ ಆಗಿ ಸಾಹೇಬರ ಕೋಟಾಯಿತು. ಇಷ್ಟೆಲ್ಲ ಊರುಗಳು ನಿಘಂಟು ಹೊಕ್ಕಿರುವಾಗ ಮೊಳಕಾಲ್ಮೂರು ಮಾತ್ರ ಹೊರಗೆ ನಿಂತಿದೆ. ಬಟ್ಟೆಯಲ್ಲಿ ದೋಷವಿಲ್ಲ. ಆ ಹೆಸರಿನ ಮಧ್ಯದಲ್ಲಿರುವ ಳ ಎಂಬ ಅಕ್ಷರವನ್ನು ದಾಟಲು ಹೋದ ಇಂಗ್ಲಿಷರು ಯಾರೂ ಆಚೆ ದಡ ಸೇರಿರಲಿಕ್ಕಿಲ್ಲ.

ಅಜ್ಜಿ ಅಂಗಳದ ನೆರಳಿನಲ್ಲಿ ಕಾಲು ಚಾಚಿ ಕುಳಿತು ಬೀಜಕ್ಕೆಂದು ಶೇಂಗಾ ಆರಿಸುತ್ತಿದ್ದರು. ಹುಡುಗನ ತಂದೆ ತಾಯಿ ಹಿಂದೆ ನಿಂತಿದ್ದರು. ಅವರ ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅಜ್ಜಿ ನನ್ನ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೈ ಹಿಡಿದು ಬೆರಳು ನೋಡಿ, "ಸೀಮೆಸುಣ್ಣ ಹಿಡಿಯೋ ಕೈ. ಸಗಣಿ ಹಿಡಿದೈತಾ ಎಂದಾದ್ರೂ?" ಎಂದು ಕೇಳಿದರು.

"ಹಿಡಿದೈತಜ್ಜಿ. ಶಾಲೆ ಕಾಂಪೌಂಡಿಗೆ ದಿನಾ ದನ ನುಗ್ತಾವೆ" ಎಂದಳು ಸೊಸೆ. ಹುಡುಗ ತಲೆ ತಗ್ಗಿಸಿ ನಕ್ಕ. ಅಜ್ಜಿಗೂ ನಗು ಬಂತು. ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು. ಮಂಡಕ್ಕಿ, ಮೆಣಸಿನಕಾಯಿ ಬಂತು.

ಆಗ ಅಜ್ಜಿ ಮೊಮ್ಮಗನತ್ತ ತಿರುಗಿ, "ಇನ್ಸ್‌ಪೆಕ್ಟ್ರೇ, ಬೀಗರಿಗೆ ಹಿತ್ತಲು ತೋರ್ಸು. ನಮ್ಮ ಕಾಂಪೋಸ್ಟು ನೋಡ್ಲಿ. ಈ ಸುತ್ತಿನಾಗೆ ಅಷ್ಟು ದೊಡ್ಡ ಕಾಂಪೋಸ್ಟು ಯಾರ ಮನೇಲೂ ಇಲ್ಲ" ಎಂದರು.

ಹಿತ್ತಲ ಬಾಗಿಲು ತೆರೆದೇ ಇತ್ತು. ಅಲ್ಲಿ ಕಾಣುತ್ತಿದ್ದುದು ಸಗಣಿ, ಕಸ, ಬೂದಿ, ಶೇಂಗಾ ಸಿಪ್ಪೆ ಎಲ್ಲ ಸೇರಿದ, ಆಳೆತ್ತರದ, ಶುದ್ಧ ದೇಶಿ ತಿಪ್ಪೆ.

ನಾನು ಮಾತು ಉಳಿಸಿಕೊಂಡೆ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಕಾಂಪೋಸ್ಟ್ ಎಂದರೆ ಲ್ಯಾಟಿನ್ನಿನಲ್ಲಿ ಕೂಡಿಸಿಟ್ಟದ್ದು ಎಂದರ್ಥ. ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಅದು ಹಣ್ಣು-ತರಕಾರಿ ಬೇಯಿಸಿ ಮಾಡಿದ ಒಂದು ಭಕ್ಷ್ಯದ ಹೆಸರಾಗಿತ್ತು. ದೊಡ್ಡ ಹೋಟೆಲುಗಳಲ್ಲಿ ಬಟ್ಟಲಿಗೆ ಹಾಕಿಕೊಡುವ ಕಾಂಪೋಟ್ ಎಂಬ ಸಿಹಿ ಅದರ ಒಡಹುಟ್ಟು. ಅಡುಗೆಮನೆಯಲ್ಲಿ ಹುಟ್ಟಿ ಹಿತ್ತಲು ಸೇರಿದ ಪದ. ಇದನ್ನೆಲ್ಲ ನಾನು ಮಂಡಕ್ಕಿಯ ಜೊತೆ ನುಂಗಿಕೊಂಡೆ.

"ನೀನೆಲ್ಲಿ ನುಂಗಿದೆ? ಮೊದ್ಲು ಬಾಯಿ ಹಾಕಿದ್ದೇ ನೀನು. ಲ್ಯಾಟಿನ್ ಅಂದಿದ್ದು ನನಗೆ ಚೆನ್ನಾಗಿ ನೆನಪೈತೆ" ಎಂದು ಅಕ್ಕ ಈಗಲೂ ಹೇಳುತ್ತಾಳೆ. ಇರಬಹುದು. ನನ್ನ ತಲೆಯೊಳಗೆ ಆಡಿದ ಮಾತೂ ಹೊರಗೆ ಆಡಿದ ಮಾತೂ ಒಂದೇ ಗಂಟಲಿನಲ್ಲಿ ಕೇಳಿಸುತ್ತವೆ. ಆದರೆ ಮುಂದೆ ಏನಾಯಿತು ಎಂಬುದರಲ್ಲಿ ಅಕ್ಕನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಭಾವ ತಟ್ಟೆ ಕೆಳಗಿಟ್ಟರು. ನವೆಂಬರಿನ ವೇದಿಕೆಯ ಮೇಲೆ ಬರುವ ಗಂಟಲು ಬಂತು. "ಅಜ್ಜಿ, ತಪ್ಪು ತಿಳ್ಕಬ್ಯಾಡ್ರಿ. ನಾನು ಗೊಬ್ಬರದ ವ್ಯಾಪಾರದವನು. ಮೂಟೆ ಮೇಲೆ ಕಂಪನಿಯವರು ಹಂಗೆ ಬರೀಲಿ. ನಮ್ಮ ಹಿತ್ತಲಲ್ಲಿರೋದಕ್ಕೆ ಇಂಗ್ಲಿಷ್ ಯಾಕೆ? ತಿಪ್ಪೆ! ಎಂಥ ಒಳ್ಳೇ ಪದ! ತಿಪ್ಪೆ ಅನ್ನೋಕೆ ನಾಚಿಕೆ ಏನೈತೆ? ನಮ್ಮ ಅಪ್ಪ ಅಂದ, ತಾತ ಅಂದ. ನೀವೂ ಒಂದ್ಸಲ ಬಾಯ್ತುಂಬ ಅನ್ರಿ ನೋಡೋಣ, ತಿಪ್ಪೆ!"

ಆ ಸದ್ದಿಗೆ ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಹುಡುಗನ ತಂದೆ ಭಾವನನ್ನು, ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ನೋಡುವಂತೆ ನೋಡಿದರು. ಅಜ್ಜಿ ಮಡಿಲಲ್ಲಿದ್ದ ಶೇಂಗಾವನ್ನು ಮೊರಕ್ಕೆ ಸುರಿದು, ನೆಲಕ್ಕೆ ಕೈ ಊರಿ ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹುಡುಗನ ತಂದೆ, "ಆಯ್ತು, ತಿಳಿಸ್ತೀವಿ" ಎಂದರು. ಆ ಒಂದು ಮಾತಿನ ಅರ್ಥಕ್ಕೆ ಯಾವ ನಿಘಂಟೂ ಬೇಕಿರಲಿಲ್ಲ.

ಹುಡುಗ ನಮ್ಮನ್ನು ಕಾರಿನ ತನಕ ಬಿಡಲು ಬಂದ. ಭಾವ ಇನ್ನೂ "ನಾನು ಬೈದ್ನಾ? ಒಳ್ಳೇದೇ ಹೇಳಿದೆ" ಎಂದು ಗೊಣಗುತ್ತಿದ್ದರು.

"ಅದು ನಮ್ಮ ತಾತನ ಹೆಸರು ಸಾರ್. ಹೆಸರಿನ ಮೊದಲ ಅರ್ಧ" ಎಂದ ಹುಡುಗ. "ತಾತನಿಗಿಂತ ಮುಂಚೆ ಹುಟ್ಟಿದ ಮಕ್ಕಳು ಯಾವೂ ಉಳಿದಿರ್ಲಿಲ್ಲಂತೆ. ಇವರು ಹುಟ್ಟಿದ ತಕ್ಷಣ ಆ ಗುಡ್ಡೆ ಮೇಲೆ ಹೊರಳಿಸಿ, ಇದು ಎಸೆದಿರೋ ಕೂಸು, ಯಾರಿಗೂ ಬ್ಯಾಡ ಅಂತ ಸಾವಿಗೆ ಕೇಳಿಸೋ ಹಂಗೆ ಕೂಗಿ, ಅದೇ ಹೆಸರಿಟ್ರು. ಉಳಕಂಡ್ರು. ಅಜ್ಜಿ ಗಂಡನ ಹೆಸರು ಹೇಳಲ್ಲ. ಆ ಹೆಸರಿನ ದೇವರನ್ನೂ ಊರಿನ ಹೆಸರಿಂದ ಹಟ್ಟಿಯಪ್ಪ ಅಂತಾರೆ ಅಷ್ಟೇ."

ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸರು ನಮ್ಮ ಮನೆಯಲ್ಲೂ ಇದ್ದರು. ನಮ್ಮ ತಾಲ್ಲೂಕಿನಲ್ಲಿ ಆ ಹೆಸರಿನ ಗಂಡಸರು ಬೀದಿಗೊಬ್ಬರಿದ್ದಾರೆ. ಅಷ್ಟೇ ಅಲ್ಲ, ನಮ್ಮ ಎದುರು ನಿಂತಿದ್ದ ಹುಡುಗನ ಹೆಸರೂ ಅದೇ, ತಾತ ತೀರಿಕೊಂಡ ಮೇಲೆ ಹುಟ್ಟಿದವನಿಗೆ ತಾತನ ಹೆಸರಿಟ್ಟಿದ್ದರು. ಭಾವ ಆ ಹೆಸರನ್ನು ಜಾತಕದ ಮೇಲೆ ಓದಿದ್ದರು, ನಾನೂ ಓದಿದ್ದೆ. ಪದಗಳ ಬೇರು ಹುಡುಕುವ ನನ್ನ ವಿದ್ಯೆ ಗ್ರೀಸಿನವರೆಗೆ ಹೋಗಿ ಬರುತ್ತದೆ, ಆ ಹಿತ್ತಲವರೆಗೆ ಹೋಗಿರಲಿಲ್ಲ.

ಆದರೂ ಸಂಶಯ ಬಿಡಲಿಲ್ಲ. "ನೀವು ತೆಲುಗು ಮಾತಾಡೋರಲ್ವಾ? ತೆಲುಗಲ್ಲಿ ಪೆಂಟ ಅಂತ ಒಳ್ಳೇ ಪದ ಐತಲ್ಲ" ಎಂದೆ.

ಹುಡುಗ ನಕ್ಕ. "ತಾತನ ಅಪ್ಪನ ಹೆಸರು ಅದ್ರಿಂದ ಶುರುವಾಗುತ್ತೆ ಸಾರ್. ಆ ಕಾಲದಾಗೂ ಮಕ್ಕಳು ಉಳೀತಿರ್ಲಿಲ್ಲ. ಸೊಸೆ ಮಾವನ ಹೆಸರು ಅನ್ನೋ ಹಂಗಿಲ್ಲ."

ಕನ್ನಡದಲ್ಲಿ ಗಂಡ ಅಡ್ಡ, ತೆಲುಗಿನಲ್ಲಿ ಮಾವ ಅಡ್ಡ. ಎರಡು ಭಾಷೆ ಗೊತ್ತಿದ್ದೂ ಆ ಹೆಂಗಸು ತನ್ನ ಹಿತ್ತಲಿನ ಗುಡ್ಡೆಗೆ ಹೆಸರಿಲ್ಲದೆ ಬಾಳಿದ್ದರು. 'ಅದು', 'ಹಿಂದ್ಲದು' ಎಂದು ಸಂಭಾಳಿಸುತ್ತಿದ್ದರಂತೆ. ಆಗ ಸರ್ಕಾರದ ಗ್ರಾಮಸೇವಕನೊಬ್ಬ ಸೈಕಲ್ ಮೇಲೆ ಬಂದು, ಗುಂಡಿ ತೋಡಿ ಪದರ ಪದರವಾಗಿ ಕಾಂಪೋಸ್ಟ್ ಮಾಡುವುದು ಹೇಗೆಂದು ಊರಿಗೆಲ್ಲ ಭಾಷಣ ಮಾಡಿದ. ಊರಿನಲ್ಲಿ ಒಬ್ಬರೂ ಗುಂಡಿ ತೋಡಲಿಲ್ಲ. ಅಜ್ಜಿ ಮಾತ್ರ ಪದವನ್ನು ಮನೆಗೆ ತಂದುಕೊಂಡರು. ಆ ಗ್ರಾಮಸೇವಕನ ಇಡೀ ಸೇವಾವಧಿಯಲ್ಲಿ ಯಶಸ್ವಿಯಾದ ಯೋಜನೆ ಇದೊಂದೇ ಇರಬೇಕು, ಅದೂ ಅವನಿಗೆ ಗೊತ್ತಾಗಿರಲಿಕ್ಕಿಲ್ಲ.

ಕಾರು ಚಳ್ಳಕೆರೆಯ ಕಡೆ ತಿರುಗಿತು. ಸೊಸೆ ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕಾಣುತ್ತಿತ್ತು. ಮೌನ ನನಗೆ ಆಗಿಬರುವುದಿಲ್ಲ.

"ಇಂಥದ್ದಕ್ಕೆ ಫ್ರೆಂಚರು ಫೋ ಪಾ ಅಂತಾರೆ. ತಪ್ಪು ಹೆಜ್ಜೆ" ಎಂದೆ.

"ಹೆಜ್ಜೆ ಅಲ್ಲ ಕಣೋ, ಪೂರ್ತಿ ಮನುಷ್ಯನೇ ತುಳಿದ" ಎಂದಳು ಅಕ್ಕ.

"ಇಂಗ್ಲಿಷಿನಲ್ಲಿ ಟ್ಯಾಬೂ ಅನ್ನೋದು ಟೋಂಗಾ ಅನ್ನೋ ದ್ವೀಪದಿಂದ ತಂದ ಪದ. ಆಡಬಾರದ್ದು, ಮುಟ್ಟಬಾರದ್ದು ಅಂತ. ಆಡಬಾರದ ಮಾತು ಇಂಗ್ಲಿಷರಲ್ಲೂ ಬೇಕಾದಷ್ಟಿದ್ವು, ಅದಕ್ಕೊಂದು ಹೆಸರು ಮಾತ್ರ ಇರ್ಲಿಲ್ಲ. ಕರಡಿಗೆ ಬೇರ್ ಅಂತಾರಲ್ಲ, ಅದು ಕರಡಿ ಹೆಸರೇ ಅಲ್ವಂತೆ. ಉತ್ತರದ ಕಾಡುಗಳ ಜನ ಕರಡಿಯ ನಿಜವಾದ ಹೆಸರು ಹಿಡಿದ್ರೆ ಅದು ಬಂದುಬಿಡ್ತದೆ ಅಂತ ಹೆದರಿ ಕಂದುಬಣ್ಣದ್ದು, ಕಂದುಬಣ್ಣದ್ದು ಅಂತಿದ್ರು. ಹಂಗೇ ಅಂದು ಅಂದು ನಿಜವಾದ ಹೆಸರು ಏನಿತ್ತು ಅನ್ನೋದೇ ಮರ್ತುಹೋಯ್ತು ಅಂತ ಪಂಡಿತರು ಹೇಳ್ತಾರೆ. ಪಂಡಿತರ ಮಾತು, ನಾನು ಪೂರ್ತಿ ನಂಬಲ್ಲ."

ಭಾವ ನನ್ನ ಕಡೆ ತಿರುಗಿದರು. "ಅಂದ್ರೆ ಆ ಅಜ್ಜಿಗೆ ಇವತ್ತು ನನ್ನ ಕಂಡ್ರೆ ಕರಡಿ ಕಂಡಂಗಾಯ್ತಾ?"

ಸೊಸೆ ಹಣೆ ಎತ್ತಲಿಲ್ಲ. "ನಿಮ್ಮಿಬ್ರಿಗೂ ಪದ ಬೇಕು. ನನಗೆ ಒಬ್ಬ ಮನುಷ್ಯ ಬೇಕಿತ್ತು" ಎಂದಳು.

ಆಮೇಲಿನ ದಿನಗಳು ಕೆಟ್ಟವು. ಸೊಸೆ ಶಾಲೆಗೆ ಹೋಗಿ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳವಾಡಿದ್ದರೆ ವಾಸಿಯಿತ್ತು. ಭಾವ ಅಂಗಡಿಯಲ್ಲಿ ಯಾರು ಯಾವ ಇಂಗ್ಲಿಷ್ ಪದ ಆಡಿದರೂ ತಿದ್ದುವುದನ್ನು ಬಿಟ್ಟರು. ರೈತರು ಗಾಬರಿಯಾಗಿ, "ಸಾವ್ಕಾರ್ರಿಗೆ ಹುಷಾರಿಲ್ವಾ?" ಎಂದು ಅಕ್ಕನನ್ನು ಕೇಳತೊಡಗಿದರು.

ಕೊನೆಗೆ ಹುಡುಗ ಫೋನ್ ಮಾಡಿದ. ಅಜ್ಜಿ ಹುಡುಗಿಯನ್ನು ಇನ್ನೊಮ್ಮೆ ನೋಡಬೇಕಂತೆ, ಒಂದು ಮಾತು ಕೇಳುವುದಿದೆಯಂತೆ. ಏನು ಮಾತೆಂದು ಅವನಿಗೂ ಹೇಳಿಲ್ಲವಂತೆ.

ಭಾವ ಕ್ಷಮೆ ಕೇಳಲು ಸಿದ್ಧರಾದರು. ಅದಕ್ಕೂ ಅಚ್ಚಗನ್ನಡವೇ ಬೇಕಾಯಿತು. "ಕ್ಷಮಿಸಿ ಅನ್ಲಾ?" ಎಂದು ನನ್ನನ್ನು ಕೇಳಿದರು. ಸಂಸ್ಕೃತ ಎಂದೆ. "ಮಾಫ್ ಮಾಡ್ರಿ?" ಅರಬ್ಬಿ. "ಸಾರಿ ಅಂತೂ ಅನ್ನಲ್ಲ." ಅದು ಹಳೆಯ ಇಂಗ್ಲಿಷಿನ ಹುಣ್ಣು, ನೋವು ಎಂಬ ಪದದಿಂದ ಬಂದದ್ದು ಎಂದೆ. "ಹಂಗಾದ್ರೆ ನಮ್ಮವರು ತಪ್ಪೇ ಮಾಡ್ತಿರ್ಲಿಲ್ವಾ?" ಎಂದು ಅವರು ರೇಗಿದರು. ಅಕ್ಕ ಅಡುಗೆಮನೆಯಿಂದಲೇ, "ತಪ್ಪಾತು ಅನ್ರಿ. ನಾನು ದಿನಾ ನಿಮ್ಮಿಂದ ಕೇಳ್ಬೇಕು ಅಂತ ಕಾಯ್ತಿರೋ ಪದ ಅದು" ಎಂದಳು.

ಮಗಳಿಗೆ ಅಕ್ಕ ಬೇರೆ ಪಾಠ ಹೇಳಿಕೊಟ್ಟಳು. ಅವರಿಬ್ಬರ ಫೋನ್ ಮಾತು ಅಕ್ಕನ ಕಿವಿಗೆ ಬಿದ್ದಿತ್ತು. ಹುಡುಗಿ ಅವನನ್ನು ಹೆಸರು ಹಿಡಿದು ಕರೆಯುತ್ತಾಳೆ. "ಆ ಅಜ್ಜಿ ಏನಾದ್ರೂ ಕೇಳಿದ್ರೆ, ಏನ್ರೀ ಅಂತೀನಿ, ರೀ ಅಂತೀನಿ ಅನ್ನು. ಆಮೇಲೆ ನಿನ್ನಿಷ್ಟ ಬಂದಂಗೆ ಕರ್ಕ. ಒಂದ್ ಸುಳ್ಳಲ್ಲಿ ಮುಗಿದೋಗುತ್ತೆ."

"ನೋಡೋಣ" ಎಂದಳು ಸೊಸೆ.

ಎರಡನೆಯ ಸಲ ಹೋದಾಗ ಅಜ್ಜಿ ಒಳಗಿನ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಭಾವ ಹೊಸ್ತಿಲಲ್ಲೇ ಕೈ ಮುಗಿದು, "ತಪ್ಪಾತು ಅಜ್ಜಿ" ಎಂದರು. ಅಷ್ಟು ಚಿಕ್ಕ ಭಾಷಣವನ್ನು ಅವರು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಅಜ್ಜಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ, "ಕೂಕಳ್ರಿ" ಎಂದು ಚಾಪೆ ತೋರಿಸಿ ಸೊಸೆಯ ಕಡೆ ತಿರುಗಿದರು.

"ನಮ್ಮ ಹುಡುಗನ್ನ ನೀನು ಏನಂತ ಕರೀತೀಯಮ್ಮ?"

ಅಕ್ಕ ನನ್ನ ತೋಳು ಹಿಡಿದುಕೊಂಡಳು. ಉಗುರು ನಾಟಿದ್ದು ನನಗೆ ನೆನಪಿದೆ, ಈ ನೆನಪನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಹೆಸರು ಹಿಡಿದೇ ಕರೀತೀನಜ್ಜಿ" ಎಂದಳು ಸೊಸೆ.

"ಪೂರ್ತಿ ಹೆಸರಾ, ಮುರಿದಾ?"

"ಪೂರ್ತಿ."

"ಲಗ್ನ ಆದ್ಮೇಲೆ?"

"ಅದೇ. ಈಗ ಬೇರೆ ಅಂದು, ಆಮೇಲೆ ನಿಮ್ಮ ಮನೇಗೆ ಬಂದು ಹೆಸರು ಹಿಡಿದು ಕರೆದ್ರೆ ನಿಮಗೆ ಮೋಸ ಮಾಡ್ದಂಗೆ ಆಗುತ್ತೆ."

ಮುಗಿಯಿತು ಎಂದುಕೊಂಡೆ. ಭಾವ ಎದ್ದುಹೋಗಲು ಅನುಕೂಲವಾಗುವಂತೆ ಕಾಲು ಮಡಿಸಿಕೊಂಡರು. ಅಜ್ಜಿ ಮಾತ್ರ ಅವಸರ ಮಾಡಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ತಮ್ಮ ಸೊಸೆಯನ್ನು, ಅಂದರೆ ಹುಡುಗನ ತಾಯಿಯನ್ನು, ಬೆರಳು ಮಾಡಿ ತೋರಿಸಿದರು.

"ಇವ್ಳಿಗೆ ಅದು ಮಾವನ ಹೆಸರು. ಹೆತ್ತ ಮಗನ್ನ ಹೆಸರು ಹಿಡಿದು ಕರಿಯಂಗಿಲ್ಲ, ಮರೀ ಮರೀ ಅಂತಾಳೆ. ನನ್ ಮಗನಿಗೆ ಅದು ಅಪ್ಪನ ಹೆಸರು, ಅವ್ನು ಲೇ ಅಂತ ಕರೀತಾನೆ. ನನ್ನ ಕಥೆ ನಿಮಗೆ ಗೊತ್ತೇ ಐತೆ. ಬೀದಿಯವ್ರು ಇನ್ಸ್‌ಪೆಕ್ಟ್ರು ಅಂತಾರೆ. ಮನೆತನದ ಹೆಸರು ಉಳೀಲಿ ಅಂತ ಇಟ್ಟಿವಿ. ಇಟ್ಟು ಪೆಟ್ಟಿಗ್ಯಾಗೆ ಬೀಗ ಹಾಕಿದಂಗಾತು."

ಅಜ್ಜಿ ಮಂಡಿ ನೀವಿಕೊಂಡರು.

"ನಮ್ಮತ್ತೆ ಇರೋ ತನಕ ಆ ಹೆಸರು ಈ ಮನೇಲಿತ್ತು. ಬೆಳಿಗ್ಗೆ ಎದ್ರೆ ಅದೇ. ಉಣ್ಣೋಕೆ ಕರೆಯೋದೂ ಅದೇ, ಬೈಯೋದೂ ಅದೇ. ಆಕೆ ಹೋದ್ಲು. ಆಮೇಲೆ ಅವ್ರೂ ಹೋದ್ರು. ಅಲ್ಲಿಂದ ಈಚೆಗೆ ಈ ಗೋಡೆ ಒಳಗೆ ಅದನ್ನ ಯಾರೂ ಅಂದಿಲ್ಲ." ಅಜ್ಜಿ ಭಾವನ ಕಡೆ ಕೈ ತೋರಿಸಿದರು. "ಅವತ್ತು ಈ ಪುಣ್ಯಾತ್ಮ ಕೂಗ್ಕಂಡ್ನಲ್ಲ, ಅರ್ಧ ಕೇಳ್ತು. ಅತ್ತೆ ಕರೆದಂಗಾತು. ಇನ್ನರ್ಧ ಬರ್ತೈತೆ ಅಂತ ಕಿವಿ ಕೊಟ್ಟೆ. ಬರ್ಲಿಲ್ಲ. ನಿಮ್ಮ ಮುಂದೆ ಯಾಕೆ ಅಳೋದು ಅಂತ ಒಳಗೆ ಹೋದೆ."

ನನ್ನೊಳಗಿನ ಸಂಶಯದವನಿಗೆ ಹೊತ್ತುಗೊತ್ತಿಲ್ಲ. "ಊರಲ್ಲಿ ಆ ಹೆಸರಿನೋರು ಬೇಕಾದಷ್ಟು ಜನ ಇರ್ತಾರಲ್ಲಜ್ಜಿ. ದಿನಾ ಯಾರಾದ್ರೂ ಯಾರನ್ನಾದ್ರೂ ಕೂಗ್ತಿರ್ತಾರೆ" ಎಂದೆ.

ಅಜ್ಜಿ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಏನು ಓದಿದೀಯಪ್ಪ ನೀನು?"

ಹೇಳಿದೆ.

"ಬೀದ್ಯಾಗೆ ಕೂಗಿದ್ರೆ ಬೀದಿಯೋನು ತಿರುಗ್ತಾನೆ. ಮನೆ ಒಳಗೆ ಕೂಗಿದ್ರೆ ಮನೆಯೋನು" ಎಂದರು. ಈಗ ಇದನ್ನು ಬರೆಯುವಾಗ ಇನ್ನೊಂದು ಅನುಮಾನವೂ ಕಾಡುತ್ತದೆ. ಅಜ್ಜಿ ಅವತ್ತು ಎದ್ದುಹೋಗಿದ್ದು ನಿಜವಾಗಿಯೂ ಸಿಟ್ಟಿನಿಂದಲೇ ಇದ್ದು, ಆ ಮೇಲಿನ ದಿನಗಳಲ್ಲಿ ಒಬ್ಬರೇ ಕುಳಿತು ಯೋಚಿಸಿ ಬೇರೆ ಕಾರಣ ಕಂಡುಕೊಂಡರೇ? ಮನುಷ್ಯರ ನೆನಪು ಹಾಗೆ ಮಾಡುತ್ತದೆ, ನನ್ನದು ದಿನವೂ ಮಾಡುತ್ತದೆ. ಈ ಅನುಮಾನವನ್ನು ಒಮ್ಮೆ ಸೊಸೆಯ ಮುಂದೆ ಹೇಳಿದ್ದಕ್ಕೆ ಅವಳು, "ಮಾವ, ಕೆಲವನ್ನ ಬಿಚ್ಚದೆ ಹಂಗೇ ಇಟ್ಕಂಡ್ರೆ ನಿನಗೇನು ನಷ್ಟ?" ಎಂದಳು. ನಷ್ಟ ಏನೆಂದು ಇನ್ನೂ ಯೋಚಿಸುತ್ತಿದ್ದೇನೆ.

ಅಜ್ಜಿ ನನ್ನ ಸೊಸೆಯ ಕೈ ಹಿಡಿದರು. "ನೀನು ಹೊರಗಿಂದ ಬರೋಳು. ನಿನಗೆ ಅವ್ನು ಗಂಡ ಆಗ್ಲಿಕ್ಕೆ ಇನ್ನೂ ಹೊತ್ತೈತೆ. ಆದ್ಮೇಲೂ ಕರೀತೀನಿ ಅಂತ ಬಾಯ್ಬಿಟ್ಟು ಅಂದಿದೀಯ. ಮಾತು ತಪ್ಪಂಗಿಲ್ಲ."

"ತಪ್ಪಲ್ಲಜ್ಜಿ."

"ಹಂಗಾದ್ರೆ ಈಗ ಕರಿ. ಅವ್ನು ಹಿತ್ತಲಾಗೆ ಎತ್ತಿನ ಮೈ ತೊಳೀತಾ ಅವ್ನೆ."

ಎಂಥ ತರಗತಿಯನ್ನಾದರೂ ಹಿಡಿತದಲ್ಲಿಡುವ ಹುಡುಗಿ ಅವತ್ತು ತಡವರಿಸಿದಳು. ಅಕ್ಕನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಕರೆದಳು. ಮೆತ್ತಗೆ, ಆದರೆ ಪೂರ್ತಿ ಹೆಸರು. ಬಾಗಿಲಲ್ಲಿದ್ದ ಹುಡುಗನ ತಾಯಿ ಬೆಚ್ಚಿ ಸೆರಗು ಸರಿಮಾಡಿಕೊಂಡರು, ಮಾವ ಒಳಗೆ ಬಂದರೇನೋ ಎಂಬಂತೆ.

ಹುಡುಗ ಪ್ಯಾಂಟು ಮಡಚಿದ ಒದ್ದೆ ಕಾಲಿನಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತ. "ಯಾರು ಕರೆದಿದ್ದು?" ಎಂದ.

ಅಜ್ಜಿ ಅವನ ಕಡೆ ತಿರುಗಲೇ ಇಲ್ಲ. ಸೊಸೆಯ ಕೈ ಬಿಡದೆ, ಕಣ್ಣು ಮುಚ್ಚಿಕೊಂಡು, "ಕೇಳಿಸ್ಲಿಲ್ಲ. ಇನ್ನೊಂದ್ಸಲ ಕರಿ, ಸ್ವಲ್ಪ ಜೋರಾಗಿ" ಎಂದರು.